ರಟ್ಟಿನ ಪಾಠವೂ ತಂತಿಯ ಪಾಠವೂ: ಯಂತ್ರಸಂದೇಶದ ಅಪಪಾಠಗಳನ್ನು ಕುರಿತ ಒಂದು ವಿಚಾರ

೧. ಉಪೋದ್ಘಾತ

ಓಲೆಗರಿಗಳ ಪಾಠಶೋಧನದಲ್ಲಿ ಕಾಲವನ್ನು ಕಳೆದವನೊಬ್ಬನು ಗಣಕಯಂತ್ರದ ವಿಷಯವನ್ನು ಕುರಿತು ಬರೆಯಹೊರಟುದನ್ನು ಕಂಡು ವಾಚಕಮಹಾಶಯರು ಆಶ್ಚರ್ಯಪಡಬಹುದು. ಆದರೆ ಈ ಲೇಖನಕ್ಕೆ ಕಾರಣವಾದುದು ಒಂದು ಅಪಪಾಠವೇ ಆಗಿರುವುದರಿಂದ ಇದು ನನ್ನ ಅಧಿಕಾರಕ್ಕೆ ಪೂರ್ಣವಾಗಿ ಹೊರತಾದುದಲ್ಲವೆಂದು ನಂಬಿದ್ದೇನೆ.

ಕೃಷ್ಣೆ ಘಟಪ್ರಭೆಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಕಬ್ಬಿಗೂ ಮಗ್ಗಕ್ಕೂ ಹೆಸರಾದುದು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಈ ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಇಂದು ಈ ನಾಲ್ಕೂ ೧೯೯೭ರಲ್ಲಿ ಹುಟ್ಟಿದ ಬಾಗಲಕೋಟೆ ಜಿಲ್ಲೆಗೆ ಸೇರಿವೆ. ಸಕ್ಕರೆ ಕಾರಖಾನೆಯ ಬಿಡಿಭಾಗಗಳನ್ನೂ ಮಗ್ಗದ ಹಲ್ಲುಗಾಲಿಗಳನ್ನೂ ಕೊರೆದುಕೊಡುವ ಇಲ್ಲಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ನನ್ನ ಹಳೆಯ ಶಿಷ್ಯರೊಬ್ಬರು ಸಿ. ಎನ್. ಸಿ. ಯಂತ್ರವನ್ನು, ಎಂದರೆ ಅಂಕೆಗಳ ಆಜ್ಞೆಯಂತೆ ಲೋಹವನ್ನು ಕೊರೆಯುವ ಗಣಕನಿಯಂತ್ರಿತ ಯಂತ್ರವನ್ನು, ನಡೆಸುತ್ತಿದ್ದಾರೆ. ಯಂತ್ರವು ಹಳೆಯದು. ಅದರೊಡನೆ ಮಾತನಾಡುತ್ತಿದ್ದ ಹಳೆಯ ಗಣಕವು ಕೆಟ್ಟುಹೋಗಿ ಹೊಸದೊಂದನ್ನು ಜೋಡಿಸಿದಾಗ ಯಂತ್ರದಿಂದ ಬಂದ ಬರೆಹವು ಪರದೆಯ ಮೇಲೆ ವಿಕಾರವಾಗಿ ಮೂಡಿತು. ಆ ದಿನ ಅಕಸ್ಮಾತ್ತಾಗಿ ಅಲ್ಲಿಗೆ ಹೋಗಿದ್ದ ನನ್ನನ್ನು ಕರೆದು, “ಗುರುಗಳ, ಇದು ಯಾವ ಲಿಪಿ ನೋಡ್ರಿ, ನಿಮ್ಮ ಹಳಗನ್ನಡಕ್ಕಿಂತ ಬಿರುಸೈತಿ” ಎಂದು ಅವರು ನಕ್ಕರು.

ನಾನು ನೋಡಿದೆನು. ಅಕ್ಷರಗಳು ಕೆಟ್ಟಿದ್ದುವು, ಆದರೆ ಎಲ್ಲವೂ ಕೆಟ್ಟಿರಲಿಲ್ಲ. ಅಂಕೆಗಳಲ್ಲಿ ೦, ೩, ೫, ೬, ೯ ಇವು ಎಲ್ಲಿಯೂ ಸರಿಯಾಗಿಯೇ ಇದ್ದುವು. ೧, ೨, ೪, ೭, ೮ ಇವು ಎಲ್ಲಿಯೂ ಕೆಟ್ಟಿದ್ದುವು. ನಿಯಮವಿಲ್ಲದ ಅಪಪಾಠವು ಹುಳುವಿನಿಂದಲೋ ನೀರಿನಿಂದಲೋ ಬಂದುದು. ನಿಯಮವುಳ್ಳ ಅಪಪಾಠವು ಲಿಪಿಕಾರನ ತಪ್ಪುತಿಳಿವಳಿಕೆಯಿಂದ ಬಂದುದು. ಇದು ಪ್ರತಿಗಳನ್ನು ಹೋಲಿಸಿ ನೋಡುವ ಪ್ರತಿಯೊಬ್ಬನಿಗೂ ವಿದಿತವಾದ ವಿಷಯವಷ್ಟೆ. ಇಲ್ಲಿಯ ಲಿಪಿಕಾರನಾರು, ಅವನು ತಪ್ಪುತಿಳಿದುದೇನು ಎಂದು ವಿಚಾರಿಸುತ್ತ ಹೋದಾಗ ಇನ್ನೂರು ವರ್ಷಗಳಿಗೂ ಮಿಕ್ಕಿದ ಒಂದು ಇತಿಹಾಸವು ಕಾಣಿಸಿಕೊಂಡಿತು. ಅದನ್ನಿಲ್ಲಿ ಸಂಗ್ರಹಿಸಿದೆ.

೨. ಪೂರ್ವಪಕ್ಷ

ಅಂಕೆಗಳ ಆಜ್ಞೆಯಂತೆ ನಡೆಯುವ ಯಂತ್ರಗಳಿಗೆ ಜಕಾರ್ಡ ಮಗ್ಗವೇ ಮೂಲವೆಂದು ಹೇಳುವ ವಾಡಿಕೆಯುಂಟು. ಫ್ರಾನ್ಸ್ ದೇಶದ ಲಿಯೋಂ ನಗರದಲ್ಲಿ ೧೭೨೫ರಲ್ಲಿ ಬಾಸಿಲ್ ಬೂಷೋಂ ಎಂಬವನು ರಂಧ್ರಗಳುಳ್ಳ ಕಾಗದದ ಸುರುಳಿಯಿಂದ ಮಗ್ಗದ ಎಳೆಗಳನ್ನು ಆರಿಸುವ ಉಪಾಯವನ್ನು ಕಂಡುಹಿಡಿದನು. ೧೭೨೮ರಲ್ಲಿ ಫಾಲ್ಕೋಂ ಎಂಬವನು ಸುರುಳಿಗೆ ಬದಲಾಗಿ ರಟ್ಟುಗಳನ್ನು ಬಳಸಿದನು. ಇವರ ಮತ್ತು ವೊಕಾಂಸನನ ಕೆಲಸವನ್ನು ಜೋಸೆಫ್ ಮಾರೀ ಜಕಾರ್ಡನು ೧೮೦೪ರ ಸುಮಾರಿಗೆ ಪೂರ್ಣಗೊಳಿಸಿದನು.

ಈ ಯಂತ್ರವು ನಮ್ಮ ನೇಕಾರರಿಗೆ ಅಪರಿಚಿತವಲ್ಲ. ಬನಹಟ್ಟಿ ರಬಕವಿಗಳ ಓಣಿಗಳಲ್ಲಿ ಸೀರೆಯ ದಡಿ ಸೆರಗುಗಳ ಚಿತ್ತಾರಕ್ಕೆ ಮಗ್ಗದ ಮೇಲುಗಡೆ ಜಕಾರ್ಡ ಕೂಡಿಸಿ, ದಾರದಿಂದ ಸಾಲಾಗಿ ಹೆಣೆದ ರಟ್ಟುಗಳ ಮಾಲೆಯನ್ನು ಅದಕ್ಕೆ ತೂಗುಹಾಕಿರುವುದನ್ನು ನೋಡಬಹುದು. ಅದು ನಡೆಯುವ ರೀತಿಯಿದು: ಒಂದೊಂದು ಹೊಕ್ಕಿಗೆ ಒಂದೊಂದು ರಟ್ಟು. ರಟ್ಟು ಸೂಜಿಗಳ ಸಾಲನ್ನು ಒತ್ತುತ್ತದೆ. ಎಲ್ಲಿ ರಂಧ್ರವಿದೆಯೋ ಅಲ್ಲಿಯ ಸೂಜಿ ಒಳಹೊಕ್ಕು ಅದರ ಕೊಕ್ಕೆ ನೆಟ್ಟಗೆ ನಿಂತು ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ. ಎಲ್ಲಿ ರಂಧ್ರವಿಲ್ಲವೋ ಅಲ್ಲಿಯ ಕೊಕ್ಕೆ ಹಿಂದಕ್ಕೆ ಸರಿದು ಎಳೆ ಕೆಳಗೇ ಉಳಿಯುತ್ತದೆ. ಏಳುವುದು, ಏಳದಿರುವುದು ಈ ಎರಡರಿಂದಲೇ ಸಕಲ ಚಿತ್ತಾರವೂ ಸಿದ್ಧಿಸುವುದು. ಲಘು ಗುರುಗಳೆಂಬ ಎರಡರಿಂದ ಮೂರು ಸ್ಥಾನಗಳಲ್ಲಿ ಎಂಟು ಗಣಗಳು ಸಿದ್ಧಿಸುವುದನ್ನು ಪಿಂಗಲನ ಛಂದಃಸೂತ್ರವನ್ನು ಓದಿದವರೆಲ್ಲರೂ ಬಲ್ಲರು. ಏಳು ಸ್ಥಾನಗಳಾದರೆ ನೂರಿಪ್ಪತ್ತೆಂಟು ಪ್ರಸ್ತಾರಗಳಾಗುವುವು.

ಇಷ್ಟನ್ನು ನೋಡಿ, ರಂಧ್ರವುಳ್ಳ ರಟ್ಟಿನಿಂದ ರಂಧ್ರವುಳ್ಳ ಕಾಗದದ ಪಟ್ಟಿ, ಅದರಿಂದ ಇಂದಿನ ತಂತಿ ಎಂದು ಒಂದೇ ವಂಶಾವಳಿಯನ್ನು ಬರೆದುಬಿಡುವುದು ಸುಲಭ. ಆದರೆ ಇದು ಅರ್ಧಸತ್ಯವೆಂದು ನನಗೆ ತೋರುತ್ತದೆ.

೩. ಯೌಗಪದ್ಯ ಮತ್ತು ಕ್ರಮ

ರಟ್ಟು ತನ್ನಲ್ಲಿರುವುದನ್ನೆಲ್ಲ ಯುಗಪತ್ತಾಗಿ ಹೇಳುತ್ತದೆ. ಇನ್ನೂರ ನಲವತ್ತು ಕೊಕ್ಕೆಗಳ ಜಕಾರ್ಡದಲ್ಲಿ ಇನ್ನೂರ ನಲವತ್ತು ಆಜ್ಞೆಗಳೂ ಒಂದೇ ಕ್ಷಣದಲ್ಲಿ ತಲುಪುವುವು. ಅಲ್ಲದೆ ರಟ್ಟನ್ನು ತಿರುಗಿಸುವುದು ಮಗ್ಗದ ಚಲನೆಯೇ ಆದುದರಿಂದ, ನೇಕಾರನು ನಿಂತರೆ ರಟ್ಟೂ ನಿಲ್ಲುತ್ತದೆ. ಹೇಳುವವನ ವೇಗವೂ ಕೇಳುವವನ ವೇಗವೂ ಬೇರೆಯಾಗುವ ಪ್ರಸಂಗವೇ ಅಲ್ಲಿಲ್ಲ. ರಟ್ಟು ಕಾಯುತ್ತದೆ. ತಂತಿಯಾದರೋ ಕಾಯುವುದಿಲ್ಲ. ನಮ್ಮ ವಿಚಾರದ ತಿರುಳೆಲ್ಲವೂ ಈ ಭೇದದಲ್ಲಿ ಅಡಗಿದೆ.

ಒಂದೇ ತಂತಿಯ ಮೇಲೆ ಒಂದಾದಮೇಲೊಂದರಂತೆ ಸಂಜ್ಞೆಗಳನ್ನು ಕಳುಹಿಸುವ ವಿದ್ಯೆಯು ಮಗ್ಗದಿಂದ ಬಂದುದಲ್ಲ, ಟೆಲಿಗ್ರಾಫಿನಿಂದ ಬಂದುದು. ಫ್ರೆಂಚ್ ತಂತಿಕಚೇರಿಯ ಎಮಿಲ್ ಬೋಡೋ ಎಂಬವನು ೧೮೭೪ರಲ್ಲಿ ಪ್ರತಿ ಅಕ್ಷರಕ್ಕೂ ಸಮಪ್ರಮಾಣದ ಐದು ಘಟಕಗಳನ್ನು ಗೊತ್ತುಮಾಡಿದ ಪದ್ಧತಿಗೆ ಸ್ವಾಮ್ಯವನ್ನು ಪಡೆದನು. ಕಾರ್ಯಾಗಾರಗಳಲ್ಲಿ ಇಂದು ‘ಬಾಡ್ ರೇಟ್’ ಎಂದು ಹೇಳುವ ವೇಗಮಾನದಲ್ಲಿ ಈತನ ಹೆಸರೇ ಉಳಿದಿದೆ. ಅನಂತರ ಪ್ರತಿ ಅಕ್ಷರದ ಮೊದಲಲ್ಲಿ ಒಂದು ಆರಂಭಚಿಹ್ನೆಯನ್ನೂ ಕೊನೆಯಲ್ಲಿ ಒಂದು ವಿರಾಮಚಿಹ್ನೆಯನ್ನೂ ಸೇರಿಸುವ ರೂಢಿಯು ೨೦ನೆಯ ಶತಮಾನದ ಆದಿಭಾಗದಲ್ಲಿ ಬಂದಿತು. ಭಾರತದಲ್ಲಿ ಸಾರ್ವಜನಿಕ ತಂತಿಸೇವೆಯು ೨೦೧೩ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ಅದರ ವ್ಯಾಕರಣವು ಕಾರ್ಯಾಗಾರದ ಮೂಲೆಯಲ್ಲಿರುವ ಕೇಬಲಿನಲ್ಲಿ ಇನ್ನೂ ಜೀವಿಸಿದೆ.

ಕ್ರಮವಾಗಿ ಬಂದು ಒಡನೆಯೇ ಇಲ್ಲವಾಗುವ ಘಟಕಗಳಿಂದ ಅಖಂಡವಾದ ಅಕ್ಷರವು ಹೇಗೆ ತಿಳಿಯುವುದೆಂಬ ಪ್ರಶ್ನೆಯು ಶಾಸ್ತ್ರಜ್ಞರಿಗೆ ಹೊಸದಲ್ಲ. ಪೂರ್ವಪೂರ್ವ ವರ್ಣಗಳ ಸಂಸ್ಕಾರದಿಂದ ಕೂಡಿದ ಅಂತ್ಯವರ್ಣವು ಅರ್ಥವನ್ನು ಬೋಧಿಸುವುದೆಂದು ಮೀಮಾಂಸಕರು ಹೇಳುವರು. ತಂತಿಯ ಕೊನೆಯಲ್ಲಿರುವ ಗ್ರಾಹಕವೂ ಬಂದ ಘಟಕಗಳನ್ನು ಒಂದೊಂದಾಗಿ ಹಿಡಿದಿಟ್ಟುಕೊಂಡು, ಕೊನೆಯದು ಬಂದ ಬಳಿಕ ಅಕ್ಷರವನ್ನು ಒಪ್ಪಿಸುತ್ತದೆ. ಇದು ಸಾಮ್ಯಮಾತ್ರವೆಂಬುದನ್ನು ಒತ್ತಿ ಹೇಳಬೇಕು. ನಮ್ಮ ಹಿರಿಯರಿಗೆ ಗಣಕವು ಗೊತ್ತಿದ್ದಿತೆಂದು ಹೇಳುವುದು ಅವರಿಗೆ ಗೌರವವನ್ನು ತರುವ ಮಾತಲ್ಲ. ಇಂಥ ಪ್ರಶ್ನೆಯನ್ನು ಅವರು ಸೂಕ್ಷ್ಮವಾಗಿ ಚರ್ಚಿಸಿದರೆಂಬುದೇ ಸಾಕಾದ ಗೌರವ.

೪. ಎರಡು ಪ್ರವಾಹಗಳ ಸಂಗಮ

ಅಮೆರಿಕದ ಮಿಷಿಗನ್ ಪ್ರಾಂತದ ಜಾನ್ ಪಾರ್ಸನ್ಸ್ ಎಂಬವನು ಹೆಲಿಕಾಪ್ಟರಿನ ರೆಕ್ಕೆಗಳ ವಕ್ರರೇಖೆಗಳನ್ನು ಕರಾರುವಾಕ್ಕಾಗಿ ಕೊರೆಯುವುದಕ್ಕಾಗಿ, ರಟ್ಟಿನ ಲೆಕ್ಕದ ಯಂತ್ರಗಳಿಂದ ಬಿಂದುಗಳನ್ನು ಗಣಿಸುವ ಉಪಾಯವನ್ನು ೧೯೪೦ರ ದಶಕದಲ್ಲಿ ಹೂಡಿದನು. ಆ ದೇಶದ ವಾಯುಸೇನೆಯ ಧನಸಹಾಯದಿಂದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ೧೯೫೨ರಲ್ಲಿ ಮೊದಲನೆಯ ಅಂಕನಿಯಂತ್ರಿತ ಕೊರೆಯಂತ್ರವನ್ನು ಪ್ರದರ್ಶಿಸಿದರು. ಅದು ತನ್ನ ಪಾಠವನ್ನು ರಂಧ್ರಗಳುಳ್ಳ ಕಾಗದದ ಪಟ್ಟಿಯಿಂದ ಓದುತ್ತಿದ್ದಿತು. ನಮ್ಮ ನಾಡಿನಲ್ಲಿ ೧೯೫೩ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಮಷೀನ್ ಟೂಲ್ಸ್ ಕಾರಖಾನೆಯೂ, ೧೯೬೨ರಲ್ಲಿ ಅಲ್ಲಿಯೇ ಕೇಂದ್ರ ಯಂತ್ರೋಪಕರಣ ಸಂಸ್ಥೆಯೂ ಸ್ಥಾಪಿತವಾದುವು; ಈ ವಿದ್ಯೆಯು ಕನ್ನಡನಾಡಿನಲ್ಲಿ ಬೇರೂರಿದುದು ಇಂಥ ಸಂಸ್ಥೆಗಳ ಬಲದಿಂದ.

ಮುಂದೆ ರೂಢಿಗೆ ಬಂದ ಪಟ್ಟಿಯು ಒಂದು ಅಂಗುಲ ಅಗಲವಾಗಿದ್ದು, ಅಡ್ಡಸಾಲಿಗೆ ಎಂಟು ರಂಧ್ರಗಳ ಸ್ಥಾನವನ್ನೂ, ಉದ್ದದಲ್ಲಿ ಅಂಗುಲಕ್ಕೆ ಹತ್ತು ಅಕ್ಷರಗಳನ್ನೂ ಹೊಂದಿದ್ದಿತು. ಒಂದಡ್ಡಸಾಲು ಯುಗಪತ್ತಾಗಿಯೂ ಸಾಲುಸಾಲುಗಳು ಕ್ರಮವಾಗಿಯೂ ಓದಲ್ಪಡುತ್ತಿದ್ದುದರಿಂದ ಇದನ್ನು ರಟ್ಟು ತಂತಿಗಳೆರಡರ ಸಂಗಮವೆನ್ನಬೇಕು. ಆದರೆ ಮುಖ್ಯವಾದ ಒಂದು ಗುಣದಲ್ಲಿ ಅದು ರಟ್ಟಿನ ಪಕ್ಷವನ್ನೇ ಸೇರಿದ್ದಿತು: ಪಟ್ಟಿಯನ್ನು ಎಳೆಯುವುದು ಯಂತ್ರ. ತನಗೆ ಬೇಕಾದಾಗ ಒಂದು ವಾಕ್ಯವನ್ನು ಓದಿ, ಅದನ್ನು ನಡೆಸಿ, ಮತ್ತೊಂದನ್ನು ಓದುವುದು ಅದರ ಕ್ರಮ.

ಗಣಕವು ಅಗ್ಗವಾದ ಬಳಿಕ ಪಟ್ಟಿಯ ಸ್ಥಾನದಲ್ಲಿ ಕೇಬಲನ್ನು ಕೂಡಿಸಿದರು. ಕೆಲವೆಡೆ ಪಟ್ಟಿಯನ್ನೋದುವ ಸಾಧನದ ಬೆನ್ನಹಿಂದೆಯೇ ತಂತಿಯನ್ನು ಜೋಡಿಸಿ, ತಾನಿನ್ನೂ ಪಟ್ಟಿಯನ್ನೇ ಓದುತ್ತಿರುವೆನೆಂದು ಯಂತ್ರವು ಭ್ರಮಿಸುವಂತೆ ಮಾಡಿದುದೂ ಉಂಟು. ಇದಕ್ಕೆ ಬಳಸಿದ ಒಪ್ಪಂದವೇ ೧೯೬೦ರಲ್ಲಿ ಹುಟ್ಟಿ ೧೯೬೯ರಲ್ಲಿ ಪರಿಷ್ಕೃತವಾದ ಆರ್. ಎಸ್. ೨೩೨ ಎಂಬ ನಿಬಂಧನೆ. ಆಗ ಎಳೆಯುವವನ ಸ್ಥಾನದಲ್ಲಿ ತಳ್ಳುವವನು ಬಂದನು. ಇದೇ ಸಕಲ ದೋಷಗಳಿಗೂ ಬೀಜ.

ಪಟ್ಟಿ ಹೋದರೂ ಪಟ್ಟಿಯ ಸಂಸ್ಕಾರವು ಹೋಗಲಿಲ್ಲವೆಂಬುದಕ್ಕೆ ಮೂರು ಸಾಕ್ಷ್ಯಗಳನ್ನು ಕೊಡಬಹುದು. ಮೊದಲನೆಯದಾಗಿ, ಪಾಠದ ಆದ್ಯಂತಗಳಲ್ಲಿ ಇಂದಿಗೂ ಬರೆಯುವ ಶೇಕಡಾ ಚಿಹ್ನೆ: ಅದು ಪಟ್ಟಿಯನ್ನು ಹಿಂದಕ್ಕೆ ಸುತ್ತುವಾಗ ನಿಲ್ಲಬೇಕಾದ ಸ್ಥಾನದ ಗುರುತು. ಎರಡನೆಯದಾಗಿ, ‘ನಿಲ್ಲು’, ‘ಮುಂದುವರಿ’ ಎಂದು ಯಂತ್ರವು ಗಣಕಕ್ಕೆ ಕಳುಹಿಸುವ ೧೯ ಮತ್ತು ೧೭ನೆಯ ಸಂಜ್ಞೆಗಳು: ಇವು ಟೆಲಿಟೈಪಿನಲ್ಲಿ ಪಟ್ಟಿಯನ್ನೋದುವ ಸಾಧನವನ್ನು ನಿಲ್ಲಿಸುವ, ನಡೆಸುವ ಆಜ್ಞೆಗಳಾಗಿದ್ದುವು. ಮೂರನೆಯದು ‘ಪ್ಯಾರಿಟಿ’, ಎಂದರೆ ಸಮವಿಷಮಪರೀಕ್ಷೆ. ಹಳೆಯ ಅಮೆರಿಕನ್ ಸಂಕೇತದ ಪಟ್ಟಿಯಲ್ಲಿ ಪ್ರತಿ ಅಕ್ಷರದ ರಂಧ್ರಗಳು ವಿಷಮಸಂಖ್ಯೆಯವು. ಅನಂತರದ ಅಂತರರಾಷ್ಟ್ರೀಯ ಸಂಕೇತದಲ್ಲಿ ಸಮಸಂಖ್ಯೆಯವು. ಇಂದು ಅನೇಕ ಯಂತ್ರಗಳು ಏಳು ಘಟಕ, ಸಮ ಪ್ಯಾರಿಟಿ, ಎರಡು ವಿರಾಮಘಟಕ ಎಂದು ಹಠಹಿಡಿಯುವುದು ಈ ರಂಧ್ರಗಣನೆಯ ವಾಸನೆಯಿಂದಲೇ.

೫. ಅಪಪಾಠದ ನಿದಾನ

ಈಗ ಆರಂಭದ ಪ್ರಶ್ನೆಗೆ ಬರೋಣ. ಒಂದು ಎಂಬ ಅಂಕೆಯ ಸಂಕೇತಸಂಖ್ಯೆ ೪೯. ಎರಡರ ಕ್ರಮದಲ್ಲಿ ಬರೆದರೆ ೦೧೧೦೦೦೧. ಇದರಲ್ಲಿರುವ ಒಂದುಗಳು ಮೂರು, ಎಂದರೆ ವಿಷಮ. ಸಮವನ್ನಾಗಿಸಲು ಯಂತ್ರವು ಎಂಟನೆಯ ಘಟಕವಾಗಿ ಮತ್ತೊಂದು ಒಂದನ್ನು ಸೇರಿಸಿ ಕಳುಹಿಸುತ್ತದೆ. ಮೂರು ಎಂಬ ಅಂಕೆಯು ೦೧೧೦೦೧೧, ಒಂದುಗಳು ನಾಲ್ಕು, ಎಂಟನೆಯದು ಶೂನ್ಯ. ಗಣಕವು ಈ ಎಂಟನೆಯದನ್ನು ಪರೀಕ್ಷಾಘಟಕವೆಂದು ತಿಳಿಯದೆ ಅಕ್ಷರದ ಭಾಗವೆಂದೇ ಓದಿದರೆ, ಮೂರು ಮೂರಾಗಿಯೇ ಉಳಿಯುವುದು; ಒಂದು ಮಾತ್ರ ೧೨೮ ಹೆಚ್ಚಿ ೧೭೭ ಎಂಬ ವಿಕಾರವಾದ ಚಿಹ್ನೆಯಾಗುವುದು. ಎಣಿಸಿ ನೋಡಿದರೆ ೦, ೩, ೫, ೬, ೯ ಸಮವರ್ಗದವು. ೧, ೨, ೪, ೭, ೮ ವಿಷಮವರ್ಗದವು. ಅಕ್ಷರಗಳಲ್ಲಿಯೂ ಜಿ, ಎಂ, ಎನ್, ವೈ, ಝಡ್ ಉಳಿದು, ಎಕ್ಸ್, ಎಫ್, ಟಿ ಕೆಡುವುವು. ಪರದೆಯ ಮೇಲೆ ನಾನು ಕಂಡುದು ಇದನ್ನೇ. ಹೊಸ ಗಣಕವನ್ನು ಎಂಟು ಘಟಕಗಳಿಗೆ, ಪರೀಕ್ಷೆಯಿಲ್ಲದಂತೆ ಇಟ್ಟಿದ್ದರು. ಅದನ್ನು ಏಳಕ್ಕೆ ತಂದು ಸಮ ಪ್ಯಾರಿಟಿಯನ್ನು ಗೊತ್ತುಮಾಡಿದೊಡನೆ ಪಾಠವು ಶುದ್ಧವಾಯಿತು.

ಇದರಿಂದ ಒಂದು ಸಾಮಾನ್ಯ ನಿಯಮವು ದೊರೆಯುವುದು: ಅಪಪಾಠದ ಆಕಾರವೇ ಅದರ ಕಾರಣವನ್ನು ಹೇಳುತ್ತದೆ. ಏನೊಂದೂ ಬಾರದಿದ್ದರೆ ದೋಷವು ದಾರಿಯಲ್ಲಿ. ಇಪ್ಪತ್ತೈದು ಸೂಜಿಗಳ ಕೂಡುಗೊಂಡಿಯಲ್ಲಿ ಕಳುಹಿಸುವುದು ೨, ಪಡೆಯುವುದು ೩, ನೆಲದ ತಂತಿ ೭. ಒಂಬತ್ತು ಸೂಜಿಗಳದರಲ್ಲಿ ಪಡೆಯುವುದು ೨, ಕಳುಹಿಸುವುದು ೩, ನೆಲ ೫. ಆದುದರಿಂದ ಎರಡು ಇಪ್ಪತ್ತೈದರವನ್ನು ಕೂಡಿಸುವಾಗ ೨-೩ಗಳನ್ನು ಅದಲುಬದಲು ಮಾಡಬೇಕು. ಒಂಬತ್ತಕ್ಕೂ ಇಪ್ಪತ್ತೈದಕ್ಕೂ ಕೂಡಿಸುವಾಗ ನೆಟ್ಟಗೆ ಕೂಡಿಸಿದರೇ ಅದಲುಬದಲಾಗುವುದು. ಇದನ್ನರಿಯದೆ ಎಷ್ಟೋ ಕೇಬಲುಗಳು ಹಾಳಾಗಿವೆ. ಕೇಬಲಿನ ಕೊನೆಯಲ್ಲಿ ೨-೩ಗಳನ್ನು ಒಂದಕ್ಕೊಂದು ತಾಗಿಸಿ, ಗಣಕದಲ್ಲಿ ಬರೆದುದು ಗಣಕಕ್ಕೇ ಮರಳಿ ಬರುವುದೋ ಎಂದು ನೋಡುವುದು ಮೊದಲನೆಯ ಪರೀಕ್ಷೆ. ಬಂದುದೆಲ್ಲವೂ ಕೆಟ್ಟಿದ್ದರೆ ದೋಷವು ವೇಗದಲ್ಲಿ. ಒಂದಕ್ಷರದ ಅವಧಿಯಲ್ಲಿ ಇಬ್ಬರ ಗಡಿಯಾರಗಳೂ ಅರ್ಧಘಟಕಕ್ಕಿಂತ ಹೆಚ್ಚು ಅಗಲಬಾರದು; ಎಂದರೆ ವೇಗಭೇದವು ಶೇಕಡಾ ಐದರೊಳಗೇ ಇರಬೇಕು. ಗೊತ್ತಾದ ಕೆಲವೇ ಅಕ್ಷರಗಳು ಕೆಟ್ಟಿದ್ದರೆ ದೋಷವು ಮೇಲೆ ಹೇಳಿದ ಗಣನೆಯಲ್ಲಿ. ಕೊನೆಯವರೆಗೂ ಬಂದು ಯಂತ್ರವು ಸುಮ್ಮನೆ ಕಾಯುತ್ತಿದ್ದರೆ ಉಪಸಂಹಾರದ ಶೇಕಡಾ ಚಿಹ್ನೆಯನ್ನು ಬರೆದಿಲ್ಲವೆಂದು ತಿಳಿಯಬೇಕು.

ಮೊದಲು ಸರಿಯಾಗಿ ಬಂದು ನಡುವೆ ಕಡಿದರೆ ದೋಷವು ವಿರಾಮದಲ್ಲಿ. ನನ್ನ ಶಿಷ್ಯರಿಗೆ ಎರಡನೆಯ ತೊಡಕು ಬಂದುದು ಇಲ್ಲಿಯೇ. ನಿಮಿಷಕ್ಕೆ ಅರುವತ್ತು ಸೆಕೆಂಡುಗಳಂತೆ ಸಮಾನಗತಿಯಲ್ಲಿ ಹರಿಯುವ ತಂತಿಯು ೪೮೦೦ರ ವೇಗದಲ್ಲಿ, ಅಕ್ಷರಕ್ಕೆ ಹನ್ನೊಂದು ಘಟಕಗಳಂತೆ, ಸೆಕೆಂಡಿಗೆ ಸುಮಾರು ೪೩೬ ಅಕ್ಷರಗಳನ್ನು ತಳ್ಳುತ್ತದೆ. ಲೋಹವನ್ನು ಕೊರೆಯುವ ಉಳಿಯು ಅಷ್ಟು ಬೇಗ ಸಾಗಲಾರದು. ಯಂತ್ರವು ‘ನಿಲ್ಲು’ ಎನ್ನುತ್ತದೆ. ಆದರೆ ಹೊಸ ಗಣಕದ ಪರಿವರ್ತಕವು ಆಗಲೇ ಬಾಯಲ್ಲಿಟ್ಟುಕೊಂಡಿದ್ದ ಅಕ್ಷರಗಳನ್ನು ಉಗುಳಿಯೇ ಬಿಡುತ್ತದೆ. ಯಂತ್ರದ ಪಾತ್ರೆ ತುಂಬಿ ಚೆಲ್ಲುತ್ತದೆ. ಆ ಸಂಚಯವನ್ನು ಕಡಿಮೆ ಮಾಡಿ, ನಿಲ್ಲು-ನಡೆಗಳ ಸಂಜ್ಞೆಯನ್ನು ಪಾಲಿಸುವಂತೆ ಗಣಕವನ್ನು ತಿದ್ದಿದ ಮೇಲೆ ಕೆಲಸವು ಸಾಗಿತು. ಎಳೆಯುವವನ ಕಾಲದ ಯಂತ್ರಕ್ಕೆ ತಳ್ಳುವವನ ಕಾಲದ ಗಣಕವನ್ನು ಕೂಡಿಸಿದುದರ ಫಲವಿದು.

೬. ಅರ್ಥವುಳ್ಳ ಅಪಪಾಠ

ಇಷ್ಟರವರೆಗೆ ಹೇಳಿದ ದೋಷಗಳು ಕಣ್ಣಿಗೆ ಕಾಣುವಂಥವು. ಕಾಣದಂಥದು ಮತ್ತೊಂದುಂಟು, ಅದೇ ಅಪಾಯಕರವಾದುದು. ಸಮವಿಷಮಪರೀಕ್ಷೆಯು ಒಂದು ಘಟಕ ಕೆಟ್ಟರೆ ಹಿಡಿಯುತ್ತದೆ. ಎರಡು ಕೆಟ್ಟರೆ ಹಿಡಿಯಲಾರದು. ಮೂರು ಎಂಬುದರ ಕೊನೆಯ ಎರಡು ಒಂದುಗಳು ಅಳಿದರೆ ಉಳಿಯುವುದು ೦೧೧೦೦೦೦, ಎಂದರೆ ಸೊನ್ನೆ, ಅದೂ ಸಮವೇ. ಪಕ್ಕದ ದೊಡ್ಡ ಮೋಟಾರು ಚಾಲೂ ಆದ ಕ್ಷಣದ ವಿದ್ಯುತ್‌ಕ್ಷೋಭೆಯು ಅಷ್ಟನ್ನು ಮಾಡಬಲ್ಲುದು. ಆಗ ಮೂವತ್ತಕ್ಕೆ ಹೋಗಬೇಕಾದ ಉಳಿಯು ಸೊನ್ನೆಗೆ ಹೋಗಿ ಹಿಡಿಕೆಯನ್ನೋ ಕೈಯನ್ನೋ ಹೊಡೆಯಬಹುದು. ಇನ್ನು ದಶಮಾಂಶದ ಚುಕ್ಕಿಯ ವಿಷಯ: ಅನೇಕ ಯಂತ್ರಗಳು ಚುಕ್ಕಿಯುಳ್ಳ ನೂರನ್ನು ನೂರು ಮಿಲಿಮೀಟರೆಂದೂ, ಚುಕ್ಕಿಯಿಲ್ಲದ ನೂರನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂದೂ ಓದುವುವು. ಬಿಂದು ಅಳಿದರೆ ‘ಬಂಡಿ’ಯು ‘ಬಡಿ’ಯಾಗುವ ಲಿಪಿಯನ್ನು ಬರೆಯುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಛಂದಸ್ಸು ನಮ್ಮ ಗ್ರಂಥಗಳಿಗೆ ಇಂಥದೇ ಒಂದು ಸಮವಿಷಮಪರೀಕ್ಷೆ. ಕಂದಪದ್ಯದಲ್ಲಿ ಲಿಪಿಕಾರನು ಒಂದು ಮಾತ್ರೆಯನ್ನು ಬಿಟ್ಟರೆ ಗಣವು ಕೆಟ್ಟು ತಪ್ಪು ಹೊರಬೀಳುವುದು. ಆದರೆ ಒಂದು ಪದದ ಸ್ಥಾನದಲ್ಲಿ ಅಷ್ಟೇ ಮಾತ್ರೆಯ ಮತ್ತೊಂದು ಪದವನ್ನು ಬರೆದರೆ ಛಂದಸ್ಸು ಮೌನವಾಗಿರುವುದು. ಆಗ ಗತಿಯೊಂದೇ: ಬೇರೆ ಪ್ರತಿಯೊಡನೆ ಹೋಲಿಸುವುದು. ವೇದಪಾಠಿಗಳು ಪದಗಳನ್ನು ಕ್ರಮ, ಜಟೆ, ಘನಗಳಲ್ಲಿ ಮುಂದಕ್ಕೂ ಹಿಂದಕ್ಕೂ ಮರಳಿಮರಳಿ ಹೇಳಿ ಪಾಠವನ್ನು ಕಾಯ್ದುದು ಈ ತತ್ತ್ವದಿಂದಲೇ. ನಮ್ಮ ಸೀಮೆಯದೇ ಆದ ದೃಷ್ಟಾಂತವೂ ಉಂಟು. ಮುಧೋಳವೇ ರನ್ನನ ಮುದುವೊಳಲು. ಕ್ರಿ. ಶ. ೯೯೩ರಲ್ಲಿ ಅವನಿಂದ ಅಜಿತಪುರಾಣವನ್ನು ಬರೆಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆ ದಾನದ ಪುಣ್ಯವೇನೇ ಇರಲಿ, ಒಂದು ಪ್ರತಿ ಕೆಟ್ಟರೆ ಮತ್ತೊಂದು ಅದನ್ನು ತಿದ್ದಬಲ್ಲುದೆಂಬುದು ಅದರ ಪ್ರತ್ಯಕ್ಷಫಲ. ಯಂತ್ರಕ್ಕೆ ಕಳುಹಿಸಿದ ಪಾಠವನ್ನು ಯಂತ್ರದಿಂದ ಮರಳಿ ತರಿಸಿ ಮಾತೃಕೆಯೊಡನೆ ಹೋಲಿಸಿ ನೋಡಿ, ಬಳಿಕ ಉಳಿಯನ್ನು ಲೋಹಕ್ಕೆ ತಾಗಿಸದೆ ಮೇಲೆಯೇ ಒಮ್ಮೆ ನಡೆಸಿ ನೋಡುವ ಕಾರ್ಯಾಗಾರದ ಪದ್ಧತಿಯೂ ಇದೇ.

೭. ಸಿದ್ಧಾಂತ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಾಮಯಿಕವೆಂದು, ಎಂದರೆ ಪೂರ್ವಸಂಕೇತದಿಂದ ಬಂದುದೆಂದು ವೈಶೇಷಿಕರು ಹೇಳುವರು. ಇತರರು ಅದನ್ನು ಒಪ್ಪಲಿ ಬಿಡಲಿ, ಗಣಕಕ್ಕೂ ಯಂತ್ರಕ್ಕೂ ಇರುವ ಸಂಬಂಧವಂತೂ ಕೇವಲ ಸಾಮಯಿಕವಾದುದು. ವೇಗ, ಘಟಕಸಂಖ್ಯೆ, ಪರೀಕ್ಷೆ, ವಿರಾಮ ಈ ನಾಲ್ಕನ್ನು ಕುರಿತ ಒಪ್ಪಂದವನ್ನು ತಂತಿಯು ಹೇಳುವುದಿಲ್ಲ. ಇಬ್ಬರೂ ಮೊದಲೇ ತಿಳಿದಿರಬೇಕು. ರಟ್ಟಿನ ಮಾಲೆಯಲ್ಲಿ ಇಂಥ ಗುಪ್ತವಾದುದು ಅತ್ಯಲ್ಪ: ಅದನ್ನು ಬೆಳಕಿಗೆ ಹಿಡಿದರೆ ರಂಧ್ರಗಳು ಕಾಣುವುವು. ೧೯೮೩ರಲ್ಲಿ ವಿದ್ಯುನ್ಮಾನದ ಜಕಾರ್ಡವು ಬಂದಂದಿನಿಂದ ಮಗ್ಗದ ಚಿತ್ತಾರವೂ ಕಾಣದ ಪಾಠವಾಗುತ್ತ ನಡೆದಿದೆ.

ನನ್ನ ಶಿಷ್ಯರ ಯಂತ್ರವು ಮೂಕವಾದುದಕ್ಕೆ ನಿಜವಾದ ಕಾರಣವು ತಂತಿಯಲ್ಲ. ಯಂತ್ರವನ್ನು ಮೊದಲು ಕೂಡಿಸಿದವರು ಆ ನಾಲ್ಕು ಒಪ್ಪಂದಗಳನ್ನು ಬರೆದಿಟ್ಟಿದ್ದ ಒಂದು ಹಾಳೆ ಕಳೆದುಹೋದುದೇ ಕಾರಣ. ನಾವು ಹಳೆಯ ಶಾಸನವೊಂದು ಒಡೆದರೆ ಮರುಗುತ್ತೇವೆ, ಮರುಗತಕ್ಕುದೇ. ಆದರೆ ಕಾರ್ಯಾಗಾರದ ಗೋಡೆಗೆ ಅಂಟಿಸಿದ ಎಣ್ಣೆಯ ಕಲೆಯ ಕಾಗದವೂ, ರಟ್ಟು ಚುಚ್ಚುವವರ ಚೌಕಳಿ ಹಾಳೆಯೂ ಈ ಸೀಮೆಯ ಬರೆಹಗಳೇ. ಅವುಗಳನ್ನು ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿರುವರು. ಬನಹಟ್ಟಿಯ ನೇಕಾರರಿಂದಲೂ ಜಮಖಂಡಿ ಮುಧೋಳಗಳ ಯಂತ್ರಕಾರರಿಂದಲೂ ಇವುಗಳ ಪ್ರತಿಗಳನ್ನು ತೆಗೆಯಿಸಿ ಸಂಗ್ರಹಿಸುವ ಕಾರ್ಯಕ್ಕೆ ವಿದ್ವಾಂಸರೂ ಸಾಹಿತ್ಯದ ಉಪಾಧ್ಯಾಯರೂ ಗಮನಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಆ ದಿನ ನಾನು ಹೊರಡುವ ಮುನ್ನ, ತಿದ್ದಿ ಗೊತ್ತುಮಾಡಿದ ನಾಲ್ಕು ಅಂಕೆಗಳನ್ನು ಶಿಷ್ಯರಿಂದಲೇ ಮೂರು ಹಾಳೆಗಳಲ್ಲಿ ಬರೆಯಿಸಿದೆನು: ಒಂದು ಯಂತ್ರದ ಬಾಗಿಲಿನ ಒಳಗೆ, ಒಂದು ಅವರ ಮನೆಯಲ್ಲಿ, ಮತ್ತೊಂದು ನನ್ನ ಓಲೆಗಳ ಪೆಟ್ಟಿಗೆಯಲ್ಲಿ.